ಒಂದು ಹಿಡಿ ಹತ್ತರಕಿ

ಬಹಳ ಹಿಂದೆ, ಮೋಡಗಳು ಇನ್ನೂ ಹೆಸರು ಹಿಡಿದು ಕರೆದರೆ ಓಗೊಡುತ್ತಿದ್ದ ಕಾಲದಲ್ಲಿ, ಎರೆಗಾವಲು ಎಂಬ ಒಂದು ರಾಜ್ಯವಿತ್ತು. ಅಲ್ಲಿನ ಮಣ್ಣು ಕಪ್ಪು, ಜೋಳ ಬಿಳಿ, ಮಾತು ನೇರ. ತಮ್ಮೂರ ಹೆಂಗಸರು ರೊಟ್ಟಿ ಬಡಿಯುವ ಸದ್ದು ಕೇಳಿಯೇ ಸೂರ್ಯ ಏಳುತ್ತಾನೆ ಎಂದು ಅಲ್ಲಿಯ ಜನ ಹೇಳಿಕೊಳ್ಳುತ್ತಿದ್ದರು. ಸೂರ್ಯ ಅಲ್ಲವೆಂದು ಯಾವತ್ತೂ ಹೇಳಲಿಲ್ಲ, ಆದ್ದರಿಂದ ನಿಜವೇ ಇರಬೇಕು.

ಆ ರಾಜ್ಯದ ಹೆಮ್ಮೆ ಕೋಟೆಯಲ್ಲ, ಆನೆಯಲ್ಲ, ಒಂದು ಸೊಪ್ಪು. ಹತ್ತರಕಿ ಸೊಪ್ಪು. ಚಳಿ ಬಿದ್ದಾಗ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ, ಚಿವುಟಿದರೆ ಬಿಳಿ ಹಾಲು ಒಸರುತ್ತದೆ. ಅದನ್ನು ಬೇಯಿಸುವಂತಿಲ್ಲ, ಹುರಿಯುವಂತಿಲ್ಲ. ಹಸಿಯಾಗಿಯೇ ರೊಟ್ಟಿಯ ಜೊತೆ ತಿನ್ನಬೇಕು. ಮೊದಲ ತುತ್ತಿಗೆ ತುಸು ಕಹಿ. ಎರಡನೆಯ ತುತ್ತಿಗೆ ಆ ಕಹಿಯೇ ಬೇಕೆನಿಸುತ್ತದೆ. ಬಿಸಿಲೇರಿತೋ, ದಂಟೆತ್ತಿ ಹೂ ಬಿಟ್ಟು ಬಾಯಿಗಿಡಲಾರದಷ್ಟು ಕಹಿಯಾಗಿಬಿಡುತ್ತದೆ. ಅದು ಚಳಿಯ ಕೂಸು.

ಹತ್ತರಕಿ ಬೆಳೆಯುವುದರಲ್ಲಿ ಬಾಳವ್ವ ಮತ್ತು ಅವಳ ಅಣ್ಣ ಮುದುಕಪ್ಪನನ್ನು ಮೀರಿಸುವವರು ಇರಲಿಲ್ಲ. ಹೆಸರು ಮುದುಕಪ್ಪ, ವಯಸ್ಸು ಇಪ್ಪತ್ತೈದು. ತಂದೆ ತಾಯಿ ಇಲ್ಲದ ಈ ಇಬ್ಬರನ್ನೂ ಅಜ್ಜಿ ಸಾಕಿದ್ದಳು. ಅವಳನ್ನು ಇವರು ಆಯಿ ಎನ್ನುತ್ತಿದ್ದರು. ಆ ಮನೆಯಲ್ಲಿ ಏಳು ತಲೆಮಾರಿನಿಂದ ಎರಡು ಕಟ್ಟಳೆಗಳು ನಡೆದುಬಂದಿದ್ದವು. ಬಿತ್ತುವ ದಿನ ಮೊದಲ ಹಿಡಿ ಬೀಜ ಇರುವೆ ಗೂಡಿನ ಬಾಯಿಗೆ. ಕೊಯ್ಯುವ ದಿನ ಕೊನೆಯ ಸಾಲಿಗೆ ಯಾರೂ ಕೈ ಹಚ್ಚುವಂತಿಲ್ಲ. ಅದು ಬೀಜದ ಸಾಲು. ಅದು ಹೂ ಬಿಡಬೇಕು, ರೇಷ್ಮೆ ಎಳೆ ಹೊತ್ತ ಬೀಜ ಕಟ್ಟಬೇಕು. ಹಸಿದವರು ಬಂದರೂ ಅಷ್ಟೇ, ಹೊಸ ಅಳಿಯ ಬಂದರೂ ಅಷ್ಟೇ.

ಹೀಗಿರುವಾಗ ಸವಿಗಾರ ಎಂಬ ಮಾಂತ್ರಿಕನೊಬ್ಬ ಅರಮನೆಗೆ ಬಂದ. ಅವನು ನಡೆದಲ್ಲೆಲ್ಲ ಹೆಜ್ಜೆ ಅಂಟಂಟಾಗಿ ಮೂಡುತ್ತಿತ್ತು. ಮಾತಾಡಿದರೆ ನೊಣ ಮುತ್ತುತ್ತಿದ್ದವು. ರಾಜ ಸೋಮಭೂಪನಿಗೆ ಬೆಳಿಗ್ಗೆ ಲಾಡು, ಮಧ್ಯಾಹ್ನ ಹೋಳಿಗೆ, ಸಂಜೆ ಜಿಲೇಬಿ ತಿನ್ನಿಸಿದ. ಸಿಹಿಯ ಮೇಲೆ ಸಿಹಿ, ಹೊಗಳಿಕೆಯ ಮೇಲೆ ಹೊಗಳಿಕೆ. ಅವನ ಕೈಯಿಂದ ಮೂರು ಸಲ ಸಿಹಿ ತಿಂದವರು ಸಕ್ಕರೆ ಗೊಂಬೆಗಳಾದರು. ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಆರತಿ ತಟ್ಟೆಯಲ್ಲಿ ಇಡುವ ಗೊಂಬೆಗಳಿವೆಯಲ್ಲ, ಹಾಗೆಯೇ, ಆದರೆ ಆಳೆತ್ತರ. ಮಂತ್ರಿ ಗೊಂಬೆಯಾದ, ಸೇನಾಪತಿ ಗೊಂಬೆಯಾದ. ರಾಜನನ್ನು ಮಾತ್ರ ಸವಿಗಾರ ಕುತ್ತಿಗೆಯವರೆಗೆ ಸಕ್ಕರೆ ಮಾಡಿ ಬಿಟ್ಟಿದ್ದ. ಆಜ್ಞೆ ಹೊರಡಿಸಲು ಒಂದು ಬಾಯಿ ಬೇಕಲ್ಲ!

ಸುದ್ದಿ ಹೊಲದವರೆಗೂ ಬಂತು. ಚಳಿಗಾಲದ ಕೊನೆಯ ಕೊಯ್ಲಿನ ದಿನ ಮುದುಕಪ್ಪ ಮೀಸೆ ತಿರುವಿದ.

"ದೊರಿ ನಾಲಿಗಿ ಕೆಟ್ಟೈತಿ. ನಮ್ಮ ಹತ್ತರಕಿ ತಿಂದ್ರ ನೆಟ್ಟಗಾಗತೈತಿ. ನಾ ಒಯ್ತೀನಿ."

ಬುಟ್ಟಿ ಮುಕ್ಕಾಲು ತುಂಬಿತ್ತು. ಅವನು ಅದನ್ನು ನೋಡಿದ, ಬೀಜದ ಸಾಲನ್ನು ನೋಡಿದ.

"ಯಣ್ಣಾ, ಬ್ಯಾಡ," ಎಂದಳು ಬಾಳವ್ವ.

"ಅರಮನಿಗೆ ಮುಕ್ಕಾಲು ಬುಟ್ಟಿ ಹೊತ್ಕೊಂಡು ಹೋದ್ರ ನಮ್ಮ ಮನಿತನದ ಮರ್ಯಾದಿ ಏನಾದೀತು? ಒಂದ ಸಲ," ಎಂದು ಅವನು ಬೀಜದ ಸಾಲನ್ನೂ ಕೊಯ್ದು ಬುಟ್ಟಿಯನ್ನು ಗೋಪುರದಂತೆ ಒಟ್ಟಿಕೊಂಡು ಹೋದ.

ಅರಮನೆಯಲ್ಲಿ ಸವಿಗಾರ ಅವನನ್ನು ನಗುನಗುತ್ತ ಬರಮಾಡಿಕೊಂಡ. ಬಂದದ್ದಕ್ಕೆ ಒಂದು ಲಾಡು ಕೊಟ್ಟ. ಸೊಪ್ಪಿನ ಅಂದವನ್ನು ಹೊಗಳಿ ಇನ್ನೊಂದು ಕೊಟ್ಟ. ಬೆಳೆದ ಕೈಯನ್ನು ಹೊಗಳಿ ಮತ್ತೊಂದು ಕೊಟ್ಟ. ಹೊಗಳಿದರೆ ಬೇಡವೆನ್ನುವ ಗಂಡಸು ಎಲ್ಲಿದ್ದಾನೆ? ಮುದುಕಪ್ಪ ಮೂರನ್ನೂ ತಿಂದ. ತಲೆಯ ಮೇಲೆ ಹೊತ್ತ ಸೊಪ್ಪಿನ ಬುಟ್ಟಿಯ ಸಮೇತ ಸಕ್ಕರೆ ಗೊಂಬೆಯಾಗಿ ಅಂಗಳದಲ್ಲಿ ನಿಂತ.

ಆದರೆ ಹತ್ತರಕಿ ವಾಸನೆಗೆ ಸವಿಗಾರ ಅಂಜಿ ಹಿಂದೆ ಸರಿದಿದ್ದ. ಅಂದೇ ಅವನು ಚಳಿಗಾಳಿಯನ್ನು ಹಿಡಿದು ಗಡಿಗೆಯಲ್ಲಿ ಹಾಕಿ, ಬಾಯಿಗೆ ಬೆಲ್ಲದ ಪಾಕ ಮೆತ್ತಿ, ಬೋಳುಗುಡ್ಡದ ಮೇಲೆ ಇಟ್ಟುಬಂದ. ರಾಜ್ಯಕ್ಕೆಲ್ಲ ಒಮ್ಮೆಲೇ ಬಿಸಿಲು ಬಡಿಯಿತು. ಬೇರೆಯವರ ಹೊಲದ ಹತ್ತರಕಿ ಬೀಜ ಕಟ್ಟುವ ಮೊದಲೇ ಸುಟ್ಟುಹೋಯಿತು. ಬಾಳವ್ವನ ಹೊಲದಲ್ಲಂತೂ ಬೀಜದ ಸಾಲೇ ಇರಲಿಲ್ಲ.

ಅಣ್ಣ ಗೊಂಬೆಯಾದ ಸುದ್ದಿ ಕೇಳಿ ಅಳುತ್ತ ಕುಳಿತ ಮೊಮ್ಮಗಳ ಪಕ್ಕ ಆಯಿ ಬಂದು ಕುಳಿತಳು.

"ಇನ್ನ ತಿಂಗಳೊಪ್ಪತ್ತಿನಾಗ ಮಳಿ ಬರತೈತಿ ಬಾಳಿ. ಮಳಿ ಬಿದ್ರ ಸಕ್ಕರಿ ಕರಗತೈತಿ. ನಿಮ್ಮಣ್ಣನೂ ಕರಗತಾನ. ತಿಂದು ಕಟ್ಟಿದ ಮಾಟ, ತಿಂದಾ ಬಿಚ್ಚಬೇಕು. ದೊರಿ ನಾಲಿಗಿಗೆ ಹತ್ತರಕಿ ಮುಟ್ಟಲಿ."

ಬೇವಿತ್ತಲ್ಲ, ಹಾಗಲಕಾಯಿ ಇತ್ತಲ್ಲ ಎನ್ನುತ್ತೀರಾ? ಬೇವನ್ನು ಮದ್ದೆಂದು ನುಂಗುತ್ತಾರೆ, ಹಾಗಲಕ್ಕೆ ಬೆಲ್ಲ ಹಾಕಿ ಮುಚ್ಚುತ್ತಾರೆ. ಕಹಿಯನ್ನು ಕಹಿಯಾಗಿಯೇ ಊಟವೆಂದು ಉಣ್ಣಿಸುವುದು ಹತ್ತರಕಿ ಒಂದೇ.

"ಬೀಜ ಎಲ್ಲೈತಿ ಆಯಿ?"

"ಏಳು ತಲಿಮಾರು ಯಾರಿಗೆ ಕೊಟ್ಟೀವಿ, ಅವರನ್ನ ಕೇಳು."

ಬಾಳವ್ವ ಕಣ್ಣೊರೆಸಿಕೊಂಡು ಎದ್ದಳು. ತಿಂಗಳಿಟ್ಟರೂ ಕೆಡದ ಮೂರು ಕಟಕ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡಳು. ಜಾಲಿ ಮುಳ್ಳು ಕೀಳುವ ಚಿಮಟಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಹೊರಟಳು.

ಮೊದಲು ಹೊಲದ ಬದುವಿನ ಇರುವೆ ಗೂಡಿಗೆ ಹೋಗಿ ಒಂದು ರೊಟ್ಟಿ ಮುರಿದು ಹಾಕಿ ಕೂಗಿದಳು. ನೆಲ ಬಾಗಿಲಿನಂತೆ ತೆರೆಯಿತು. ಒಳಗೆ ಎಮ್ಮೆಕರುವಿನಷ್ಟು ದೊಡ್ಡ ಇರುವೆ ರಾಣಿ ಮಲಗಿದ್ದಳು.

"ನೀ ಯಾರಂತ ಬಲ್ಲೆ," ಎಂದಳು ರಾಣಿ. "ನಿಮ್ಮ ಬೀಜ ನನ್ನ ಕಣಜದಾಗ ಐತಿ. ಆದರ ನಮಗೀಗ ಬೀಜದ ಚಿಂತಿ ಇಲ್ಲವ್ವ. ಅರಮನ್ಯಾಗ ಸಕ್ಕರಿ ಗೊಂಬಿ ಸಾಲಾಗಿ ನಿಂತಾವಂತ. ನಾಳೆ ನನ್ನ ದಂಡು ಹೊಂಟೈತಿ."

ಬಾಳವ್ವ ಕೂಗಿಕೊಂಡಳು. "ಅದರಾಗ ನಮ್ಮಣ್ಣ ಅದಾನ!"

"ನಮಗ ಸಕ್ಕರಿ ಸಕ್ಕರಿನ."

ಬಾಳವ್ವ ತಲೆಯೆತ್ತಿದಳು. "ನಾವು ಉಪಾಸ ಇದ್ದ ವರ್ಷಾನೂ ಮೊದಲ ಹಿಡಿ ನಿಮಗ ಹಾಕೀವಿ. ಅದರ ಮ್ಯಾಲೆ ಆಣಿ ಇಟ್ಟು ಕೇಳ್ತೀನಿ. ಮೊದಲ ಮಳಿ ತನಕ ತಡೀರಿ. ಗೊಂಬಿ ಮನಷ್ಯಾರಾಗಲಿಲ್ಲಂದ್ರ ನೀವ ತಗೊಳ್ರಿ. ಆದ್ರಂದ್ರ, ಎಲ್ಲಾಕಿಂತ ದೊಡ್ಡ ಸಕ್ಕರಿ ಮುದ್ದಿ ನಿಮ್ಮ ಬಾಗಲಿಗೆ ಬರತೈತಿ. ಅವನ ಹೆಸರು ಸವಿಗಾರ."

ರಾಣಿ ಮೀಸೆ ಆಡಿಸಿದಳು. ಈ ಹುಡುಗಿಯ ಮಾತು ಅವಳಿಗೆ ಹಿಡಿಸಿತು. "ಆಗಲಿ. ಆದರ ನಿನ್ನ ಬೀಜ ನೀನ ಗುರುತು ಹಿಡಿ. ತಪ್ಪಿದರ ಬರಿಗೈಲೆ ಹೋಗು."

ಅಲ್ಲಿ ಕರಿ ಧೂಳಿನಂಥ ಮೂರು ಗುಡ್ಡೆಗಳಿದ್ದವು. ಹತ್ತರಕಿ ಬೀಜಕ್ಕೆ ಅಂಟಿದ ರೇಷ್ಮೆಯನ್ನೆಲ್ಲ ಇರುವೆಗಳು ಕಡಿದುಹಾಕಿದ್ದವು. ಕಣ್ಣಿಗೆ ಮೂರೂ ಒಂದೇ. ಬಾಳವ್ವ ಬಗ್ಗಿ ಮೊದಲ ಗುಡ್ಡೆಗೆ ಉಫ್ ಎಂದಳು, ಧೂಳೆದ್ದಿತು. ಎರಡನೆಯದಕ್ಕೆ ಉಫ್ ಎಂದಳು, ಧೂಳೆದ್ದಿತು. ಮೂರನೆಯದಕ್ಕೆ ಉಫ್ ಎಂದಾಗ ಎಲ್ಲಿಯೋ ಉಳಿದಿದ್ದ ಒಂದೇ ಒಂದು ಬಿಳಿ ಎಳೆ ಮೇಲೆದ್ದು ಅವಳ ಮೂಗಿನ ಮೇಲೆ ಕುಳಿತಿತು.

"ಇದು ನಮ್ಮದು," ಎಂದಳು. ರಾಣಿ ಒಂದು ಹಿಡಿ ಅಳೆದುಕೊಟ್ಟಳು.

ಬೀಜ ಮೊಳೆಯಲು ಚಳಿ ಬೇಕಲ್ಲ, ಚಳಿಗಾಳಿ ಎಲ್ಲಿದೆಯೆಂದು ರಾಣಿಯಿಂದಲೇ ತಿಳಿದು ಎರಡನೆಯದಾಗಿ ಬೋಳುಗುಡ್ಡ ಹತ್ತಿದಳು. ತುದಿಯಲ್ಲಿ ಗಡಿಗೆ, ಗಡಿಗೆಯ ಮುಂದೆ ಕೆಂಡದ ತೋಳ. ಅದರ ಮೈಕೂದಲೆಲ್ಲ ನಿಗಿನಿಗಿ ಉರಿಯುತ್ತಿತ್ತು. ಹೆಜ್ಜೆ ಇಟ್ಟಲ್ಲಿ ಹುಲ್ಲು ಹೊಗೆಯಾಡುತ್ತಿತ್ತು.

"ತಿಂದ ಬಿಡತೀನಿ ನಿನ್ನ!" ಎಂದು ತೋಳ ಗರ್ಜಿಸಿತು.

"ಮೊದಲು ಇದನ್ನ ತಿನ್ನು," ಎಂದು ಬಾಳವ್ವ ಎರಡನೆಯ ರೊಟ್ಟಿ ಎಸೆದಳು.

ಕಟಕ ರೊಟ್ಟಿ ಗಟ್ಟಿ. ತೋಳ ಕಟಮ್ಮನೆ ಕಚ್ಚಿದ್ದೇ ಕಣ್ಣಲ್ಲಿ ನೀರು ತಂದುಕೊಂಡು ಊಳಿಟ್ಟಿತು. ದಿನವೂ ಸವಿಗಾರ ಹಾಕಿದ ಬೆಲ್ಲ ತಿಂದು ಅದರ ದವಡೆ ಹಲ್ಲು ತೂತುಬಿದ್ದಿತ್ತು.

"ಬಾಯಿ ತಗಿ, ನೋಡ್ತೀನಿ."

"ನಾ ಕಚ್ಚಿದರ?"

"ಕಚ್ಚಿದರ ನೋವು ನಿನಗ."

ತೋಳಕ್ಕೆ ಈ ನ್ಯಾಯ ಸರಿಯೆನಿಸಿತು. ಬಾಯಿ ತೆರೆಯಿತು. ಹಲ್ಲಿನ ತೂತಿನಲ್ಲಿ ಮಾಟದ ಬೆಲ್ಲದ ಹರಳೊಂದು ಕೆಂಪಗೆ ಹೊಳೆಯುತ್ತಿತ್ತು. ಜಾಲಿ ಮುಳ್ಳು ಕಿತ್ತು ಪಳಗಿದ ಕೈ ಬಾಳವ್ವನದು. ಉರಿಗೆ ಬೆರಳು ಸುಟ್ಟರೂ ಬಿಡಲಿಲ್ಲ. ಚಿಮಟಿಗೆ ಹಾಕಿ ಒಂದೇ ಸಲ ಎಳೆದಳು. ಹರಳು ಹೊರಬಂತು, ತೋಳದ ಮೈಯ ಕೆಂಡ ಆರಿತು. ಈಗ ಅದು ಬರೀ ಬೂದು ಬಣ್ಣದ ತೋಳ.

"ಅವ್ವಾ, ಹಲ್ಲು ನೋವಿಗೆ ಎಷ್ಟೋ ದಿನಾತು ನಿದ್ದಿ ಕಂಡಿಲ್ಲ," ಎಂದು ಅದು ಹಿಂಗಾಲಿನಿಂದ ಗಡಿಗೆಯನ್ನು ಒದ್ದು ಒಡೆಯಿತು. ಅಲ್ಲೇ ನೆರಳಿಗೆ ಹೋಗಿ ಮಲಗಿಬಿಟ್ಟಿತು.

ಗಡಿಗೆಯಿಂದ ಚಳಿಗಾಳಿ ಹೊರಬಂತು. ಕಂಬಳಿ ಹೊದ್ದ ಮುದುಕನ ಹಾಗಿತ್ತು, ಗಡ್ಡದ ತುಂಬ ಇಬ್ಬನಿ.

"ಬದುಕಿಸಿದಿ ಮಗಳ," ಎಂದಿತು. "ಗಡಗಿಗೆ ಪಾಕಾ ಮೆತ್ತುವಾಗ ಅವ ಗೊಣಗಿದ್ದು ಕೇಳೀನಿ. ದೊರಿ ತಾನಾಗಿ ಬಾಯಿಬಿಟ್ಟು ಕಹೀನ 'ಇನ್ನಷ್ಟು ಕೊಡ್ರಿ' ಅಂತ ಬೇಡಿದ್ರ ಮಾಟ ಒಡೀತೈತಿ. ತಿನ್ನಿಸಿದ್ರ ಆಗೂದಿಲ್ಲ. ಬೇಡಬೇಕು. ನಾ ಮೂವತ್ತು ದಿನ ನಿನ್ನ ಹೊಲದಾಗ ಇರತೀನಿ. ಆಮ್ಯಾಲ ಮೋಡಕ್ಕ ದಾರಿ ಬಿಡಬೇಕು."

ಬಾಳವ್ವ ಹೊಲಕ್ಕೆ ಓಡಿದಳು. ಅದೇ ಹಿಡಿಯಲ್ಲಿ ಮೊದಲ ಚಿಟಿಕೆಯನ್ನು ಇರುವೆ ಗೂಡಿಗೆ ಹಾಕಿದಳು. ಉಳಿದದ್ದನ್ನು ಬೂದಿಯಲ್ಲಿ ಕಲಸಿ, ತೆಳ್ಳಗೆ ಉದುರಿಸಿ, ಮೇಲೆ ಜಾಲಿ ಟೊಂಗೆ ಎಳೆದಳು. ಹತ್ತರಕಿ ಬೀಜವನ್ನು ಆಳಕ್ಕೆ ಹೂತರೆ ಅದು ಮೇಲೇಳುವುದಿಲ್ಲ. ಚಳಿಗಾಳಿ ಸುತ್ತಿ ಸುತ್ತಿ ಇಬ್ಬನಿ ಸುರಿಸಿತು. ಎಂಟನೆಯ ದಿನ ಮೊಳಕೆ. ಹದಿನೈದನೆಯ ದಿನ ನಾಲ್ಕು ಎಲೆ. ಆದರೆ ಗಾಳಿ ಗಡಿಗೆಯಲ್ಲಿದ್ದು ಸೊರಗಿತ್ತು, ಬಿಸಿಲು ಪಾಲು ಬಿಡಲಿಲ್ಲ. ಐದು ಸಾಲಿನಲ್ಲಿ ಮೂರು ಕರಟಿಹೋದವು. ಮೂವತ್ತನೆಯ ದಿನಕ್ಕೆ ಉಳಿದದ್ದು ಎರಡೇ ಸಾಲು.

ಪಡುವಣ ದಿಕ್ಕಿನಲ್ಲಿ ಮೋಡ ಏಳತೊಡಗಿತ್ತು. ಬಾಳವ್ವ ಒಂದು ಸಾಲಿನ ಎಲೆಗಳನ್ನು ಬೇರಿಗೆ ನೋವಾಗದಂತೆ ಚಿವುಟಿದಳು. ಆದದ್ದು ಒಂದೇ ಹಿಡಿ. ಕೈ ತಾನಾಗಿ ಎರಡನೆಯ ಸಾಲಿಗೆ ಹೋಯಿತು. ಅಲ್ಲಿ ನಿಂತಿತು.

"ಆಯಿ, ಇಷ್ಟ ಸೊಪ್ಪು ಸಾಕಾಗಲಿಲ್ಲಂದ್ರ? ಅಣ್ಣನ ಜೀವಕ್ಕಿಂತ ಬೀಜ ಹೆಚ್ಚಾ?"

ಆಯಿ ಮುಖ ತಿರುಗಿಸಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳಿಗೂ ಅವನು ಮೊಮ್ಮಗ. ಬಾಳವ್ವ ಆ ಸಾಲಿನ ಮುಂದೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿದ ಮೇಲೆ ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದನ್ನ ಕೊಯ್ದಾ ಅಣ್ಣ ಕೆಟ್ಟಾನ. ನಾನೂ ಕೊಯ್ದು ಅವನ್ನ ಕರಕೊಂಡು ಬಂದ್ರ, ಬಂದವನ ಕೈಗೆ ಬಿತ್ತಾಕ ಏನ ಕೊಡ್ಲಿ?" ಎಂದವಳೇ ಆ ಒಂದು ಹಿಡಿ ಸೊಪ್ಪು, ಉಳಿದ ರೊಟ್ಟಿ, ಕಲಸುವ ಸಾಮಾನುಗಳನ್ನು ಪುಟ್ಟ ಬುಟ್ಟಿಯಲ್ಲಿಟ್ಟುಕೊಂಡು ಅರಮನೆಯ ದಾರಿ ಹಿಡಿದಳು.

ಅಂಗಳದಲ್ಲಿ ಸಾಲುಸಾಲು ಗೊಂಬೆಗಳ ನಡುವೆ ಅಣ್ಣ ನಿಂತಿದ್ದ, ಬುಟ್ಟಿ ಹೊತ್ತು, ಮೀಸೆಯ ತುದಿಯವರೆಗೂ ಸಕ್ಕರೆಯಾಗಿ. ಬಾಳವ್ವ ಅವನ ಪಾದ ಮುಟ್ಟಿ ಒಳಗೆ ಹೋದಳು.

ಸವಿಗಾರ ಅವಳ ಪುಟ್ಟ ಬುಟ್ಟಿ ನೋಡಿ ಹೊಟ್ಟೆ ಹಿಡಿದು ನಕ್ಕ. "ಅಯ್ಯೋ ಬಂಗಾರದಂಥ ಮಗಳೇ! ಮಹಾಪ್ರಭುಗಳ ತಟ್ಟೆಗೆ ಇಷ್ಟೇ ಇಷ್ಟು ಸೊಪ್ಪೇ? ನಿನ್ನ ಅಣ್ಣ ಗೋಪುರವನ್ನೇ ಹೊತ್ತು ತಂದಿದ್ದ. ತೆಗೆದುಕೋ, ದಣಿದಿದ್ದೀಯೆ, ಮೊದಲು ಒಂದು ಲಾಡು ತಿನ್ನು."

"ಬ್ಯಾಡ್ರಿ. ನಾ ಉಣ್ಣಾಕ ಬಂದಿಲ್ಲ, ಉಣ್ಣಿಸಾಕ ಬಂದೀನಿ. ಇಷ್ಟ ಇಷ್ಟು ಸೊಪ್ಪಿಗೆ ನೀವು ಅಂಜೂದಿಲ್ಲಲ್ಲ?"

ತುಂಬಿದ ಸಭೆಯಲ್ಲಿ ಅಂಜುತ್ತೇನೆ ಎನ್ನಲಾದೀತೇ? ಅದು ಗೊಂಬೆಗಳ ಸಭೆಯೇ ಆದರೂ ಸವಿಗಾರನಿಗೆ ಮಾನ ದೊಡ್ಡದು. "ಉಣ್ಣಿಸು," ಎಂದ.

ಬಾಳವ್ವ ನೆಲಕ್ಕೆ ಕುಳಿತು ಸೊಪ್ಪು ತೊಳೆದು ಕೊಡವಿದಳು. ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿದಳು. ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಎರಡು ಹನಿ ಎಣ್ಣೆ ಇಟ್ಟುಕೊಂಡಳು. ಉಪ್ಪನ್ನು ಮಾತ್ರ ಮುಷ್ಟಿಯಲ್ಲೇ ಹಿಡಿದಳು. ಸವಿಗಾರ ಅದನ್ನು ಕಂಡ. ಉಪ್ಪು ಬಿದ್ದು ಹೊತ್ತಾದರೆ ಹಸಿ ಸೊಪ್ಪು ನೀರೊಡೆದು ಸತ್ತು ಹೋಗುತ್ತದೆಂದು ಅವನಿಗೂ ಗೊತ್ತಿತ್ತು.

"ಬೇಗ ಕಲಸು ಮಗಳೇ. ಆಹಾ, ಅಗೋ ಗುಡುಗು ಕೇಳಿಸಿತು. ಅಂಗಳದಲ್ಲಿ ನಿನ್ನ ಅಣ್ಣ ಇದ್ದಾನಲ್ಲವೇ? ಕಲಸಿಡು. ಅಷ್ಟರಲ್ಲಿ ನಾನು ಪ್ರಭುಗಳನ್ನು ನಾಲ್ಕು ಮಾತಿನಿಂದ ಹೊಗಳಿಬಿಡುತ್ತೇನೆ."

ಬಾಳವ್ವ ಉಪ್ಪು ಹಾಕಲಿಲ್ಲ. ಸವಿಗಾರ ಹೊಗಳತೊಡಗಿದ. ಸೂರ್ಯನಿಗೆ ಹೋಲಿಸಿದ, ಚಂದ್ರನಿಗೆ ಹೋಲಿಸಿದ, ಸಮುದ್ರಕ್ಕೆ ಹೋಲಿಸಿದ. ಹೊರಗೆ ಮಣ್ಣಿನ ವಾಸನೆ ಎದ್ದಿತು. ಒಂದು ಹನಿ ಟಪ್ಪೆಂದು ಅಂಗಳಕ್ಕೆ ಬಿತ್ತು. ಇನ್ನೊಂದು ಹನಿ ಮುದುಕಪ್ಪನ ಎಡಗಿವಿಯ ತುದಿಗೆ ಬಿದ್ದು, ಆ ತುದಿ ಕರಗಿ ಇಳಿಯಿತು. ಬಾಗಿಲಿನಿಂದ ಬಾಳವ್ವ ಅದನ್ನು ಕಂಡಳು. ಆದರೂ ಮುಷ್ಟಿ ಬಿಚ್ಚಲಿಲ್ಲ. ಅವಳು ಎದ್ದು ನಿಂತು, ಸವಿಗಾರನನ್ನು ದಾಟಿ, ನೇರ ರಾಜನ ಮುಂದೆ ಹೋಗಿ ಮೂರನೆಯ ರೊಟ್ಟಿಯನ್ನು ಮುರಿದಳು.

"ದೊರಿ, ಹಸಿವಾಗೈತೇನ್ರಿ?"

ಸವಿಗಾರ ಬಂದಂದಿನಿಂದ ಆ ಮಾತನ್ನು ಯಾರೂ ರಾಜನಿಗೆ ಕೇಳಿರಲಿಲ್ಲ. ಸಿಹಿ ತುರುಕಿದ್ದರು, ಹಸಿವೆಯೇ ಎಂದು ಕೇಳಿರಲಿಲ್ಲ. ಸಕ್ಕರೆಯ ಕುತ್ತಿಗೆಯ ಮೇಲಿನ ತಲೆ ಮೆಲ್ಲಗೆ ಹೂಂ ಎಂದಿತು. ಆಗ ಬಾಳವ್ವ ಉಪ್ಪು ಉದುರಿಸಿ, ಬೆರಳ ತುದಿಯಲ್ಲಿ ಒಮ್ಮೆ ಕಲಸಿ, ಮೊದಲ ತುತ್ತು ಇಟ್ಟಳು.

ಮೊದಲ ತುತ್ತಿಗೆ ರಾಜನ ಮುಖ ಹುಳ್ಳಗಾಯಿತು. ಸವಿಗಾರ ಚಪ್ಪಾಳೆ ತಟ್ಟಿದ. ಎರಡನೆಯ ತುತ್ತಿಗೆ ರಾಜ ಕಣ್ಣು ಮುಚ್ಚಿ ಅಗಿದ, ಕರುಂ ಕರುಂ ಸದ್ದು ಸಭೆಗೆಲ್ಲ ಕೇಳಿತು. ಮೂರನೆಯ ತುತ್ತಿಗೆ ಬಟ್ಟಲು ಖಾಲಿಯಾಯಿತು. ಒಂದೇ ಹಿಡಿಯಲ್ಲವೇ!

"ಮುಗಿಯಿತು, ಮುಗಿಯಿತು! ಇನ್ನು ಬಾಯಿ ಸಿಹಿ ಮಾಡಿಕೊಳ್ಳಿ ಪ್ರಭೂ," ಎಂದು ಸವಿಗಾರ ಲಾಡು ಹಿಡಿದು ಓಡಿಬಂದ.

ರಾಜ ಖಾಲಿ ಬಟ್ಟಲನ್ನೇ ನೋಡುತ್ತಿದ್ದ. ಬುಟ್ಟಿ ತುಂಬ ಇದ್ದಿದ್ದರೆ ಇನ್ನೊಂದು ತುತ್ತು ತಾನಾಗಿ ಬಾಯಿಗೆ ಬರುತ್ತಿತ್ತು, ಅವನು ಕೇಳಬೇಕಾಗಿಯೇ ಇರಲಿಲ್ಲ. ಈಗ ನಾಲಿಗೆ ತುಟಿ ಸವರಿತು. ಲಾಡು ಮೂಗಿಗೆ ತಾಗಿದಾಗ ಅವನು ಮುಖ ತಿರುಗಿಸಿದ.

"ಅದಲ್ಲೋ ಮಾರಾಯ! ಅದು... ಯವ್ವಾ, ಇನ್ನಷ್ಟು ಕೊಡ!"

ಫಳಾರೆಂದು ರಾಜನ ಎದೆಯ ಸಕ್ಕರೆ ಒಡೆಯಿತು. ಅಂಗಳದಲ್ಲಿ ಫಳ್, ಫಳ್, ಫಳ್ ಎಂದು ಗೊಂಬೆಗಳೆಲ್ಲ ಬಿರಿದವು. ಒಳಗಿನಿಂದ ಮಂತ್ರಿ ಬಂದ, ಸೇನಾಪತಿ ಬಂದ, ಸೊಪ್ಪೆಲ್ಲ ಬಾಡಿಹೋದ ಬುಟ್ಟಿ ಹೊತ್ತ ಮುದುಕಪ್ಪ ಬಂದ. ಆ ಕ್ಷಣವೇ ಮಳೆ ಧೋ ಎಂದು ಸುರಿಯಿತು. ನೂರಾರು ವರ್ಷ ತನ್ನ ಸಿಹಿಯನ್ನು ತಾನೇ ರುಚಿ ನೋಡಿ ನೋಡಿ ಸವಿಗಾರನ ಒಳಗೆಲ್ಲ ಸಕ್ಕರೆಯೇ ತುಂಬಿತ್ತು. ಬಾಗಿಲಿಗೆ ಓಡಿದರೆ ಹೊರಗೆ ಮಳೆ. ಒಳಗೆ ತಿರುಗಿದರೆ ಹೊಸ್ತಿಲ ಸಂದಿಯಿಂದ ಕರ್ರಗೆ ಸಾಲುಗಟ್ಟಿ ಬರುತ್ತಿದ್ದ ಇರುವೆಗಳ ದಂಡು. ಬಾಳವ್ವ ಕೊಟ್ಟ ಮಾತು ಉಳಿಯಿತು. ಸಂಜೆಯ ಹೊತ್ತಿಗೆ ಅವನ ಒಂದು ಹರಳೂ ಉಳಿಯಲಿಲ್ಲ.

ಮುದುಕಪ್ಪ ತಂಗಿಯ ಮುಂದೆ ತಲೆ ತಗ್ಗಿಸಿ ನಿಂತ. ಅವನ ಎಡಗಿವಿಯ ತುದಿ ಇರಲಿಲ್ಲ. ಬಾಳವ್ವ ಆ ಕಿವಿಯನ್ನು ಹಿಂಡಿದಳು, ಆಮೇಲೆ ಅವನನ್ನು ತಬ್ಬಿಕೊಂಡು ಅತ್ತಳು.

ರಾಜ ಸೋಮಭೂಪ ಬಟ್ಟಲು ಹಿಡಿದೇ ನಿಂತಿದ್ದ. "ಇನ್ನಷ್ಟು ಐತೇನವ್ವ?"

"ಹೊಲದಾಗ ಒಂದು ಸಾಲು ಐತ್ರಿ, ದೊರಿ."

"ತರಿಸು ಮತ್ತ!"

"ಅದು ಬೀಜದ ಸಾಲು. ಕೊಡೂದಿಲ್ರಿ."

ಸೇನಾಪತಿಯ ಕೈ ಕತ್ತಿಯ ಮೇಲೆ ಹೋಯಿತು. ರಾಜ ಆ ಹುಡುಗಿಯನ್ನು ನೋಡಿದ. ಸುಟ್ಟ ಬೆರಳು, ಕೆಸರು ಕಾಲು, ತಗ್ಗದ ಕತ್ತು. ಸವಿಗಾರ ಬಂದ ಮೇಲೆ ಅವನಿಗೆ ಇಲ್ಲ ಎಂದವರು ಇವಳೇ ಮೊದಲು. ರಾಜ ಗಹಗಹಿಸಿ ನಕ್ಕ. ನಕ್ಕು, ಕಿರೀಟ ತೆಗೆದು ಪಕ್ಕಕ್ಕಿಟ್ಟು ಕೈ ಮುಗಿದ.

"ಈ ರಾಜ್ಯದಾಗ ಬೀಜದ ಸಾಲಿಗೆ ಕೈ ಹಚ್ಚಾಕ ಇನ್ನ ದೊರಿಗೂ ಅಧಿಕಾರ ಇಲ್ಲ," ಎಂದು ಸಾರಿದ. ಅದು ಅವನು ಸ್ವಂತ ನಾಲಿಗೆಯಿಂದ ಹೊರಡಿಸಿದ ಮೊದಲ ಆಜ್ಞೆ.

ಆ ಸಾಲು ಹೂ ಬಿಟ್ಟಿತು, ಬೀಜ ಕಟ್ಟಿತು. ಬೆಳ್ಳನೆಯ ರೇಷ್ಮೆ ರಾಜ್ಯದ ತುಂಬ ಹಾರಿ ಹೊಲಹೊಲಕ್ಕೂ ಇಳಿಯಿತು. ಮುಂದಿನ ಚಳಿಗೆ ಬಿತ್ತುವ ದಿನ ರಾಜ ತಾನೇ ನಡೆದುಬಂದು ಮೊದಲ ಹಿಡಿಯನ್ನು ಇರುವೆ ಗೂಡಿಗೆ ಹಾಕಿದ. ಬೂದು ತೋಳ ಬದುವಿನ ಮೇಲೆ ಕುಳಿತು ಕಾವಲು ಕಾಯಿತು. ಮುದುಕಪ್ಪ ಮುಂದೆ ಮಕ್ಕಳು ಮೊಮ್ಮಕ್ಕಳನ್ನು ಕಂಡ. ಪ್ರತಿ ಕೊಯ್ಲಿನಲ್ಲೂ ಕೊನೆಯ ಸಾಲಿನ ಹತ್ತಿರ ಬಂದಾಗ ಅವನ ಕೈ ತಾನಾಗಿ ಎಡಗಿವಿಗೆ ಹೋಗುತ್ತಿತ್ತು. ಮಕ್ಕಳು ನಗುತ್ತಿದ್ದರು, ಸಾಲು ಉಳಿಯುತ್ತಿತ್ತು.

ಎರೆಗಾವಲಿನಲ್ಲಿ ಆಮೇಲೆ ಹಸಿದವರಿರಲಿಲ್ಲ, ಹೊಗಳಿಕೆಗೆ ಕರಗಿದವರೂ ಇರಲಿಲ್ಲ. ಅವರು ಕಹಿಯನ್ನೂ ಕೇಳಿ ಉಂಡು ಸಿಹಿಯಾಗಿ ಬಾಳಿದರು. ಅವರ ಬೀಜದ ಸಾಲು ಇನ್ನೂ ಅಲ್ಲೇ ಇದೆ, ಯಾರೂ ಮುಟ್ಟಿಲ್ಲ.